ಒಂಬತ್ತು ಚಿಪ್, ಒಂದು ಕರಿ ಸ್ಪಂಜು

ನನ್ನ ಲ್ಯಾಪ್‌ಟಾಪು ಈಚೆಗೆ ತೂಕಡಿಸತೊಡಗಿತ್ತು. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಬಿಟ್ಟು ಸುಮ್ಮನೆ ಕೂತುಬಿಡುತ್ತಿತ್ತು. ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದೆ. ಅಂಗಡಿಯಾತ ಅದನ್ನು ಬೋರಲು ಹಾಕಿಕೊಂಡು ಕೇಳಿದ: "ಈಗ ಒಳಗ ಎಷ್ಟು ಮೆಮರಿ ಅದ ರೀ? ಯಾವ ಸ್ಪೀಡಿಂದು? ಇನ್ನೊಂದು ಕೂಡಸಾಕ ಜಾಗಾ ಅದನೋ ಇಲ್ಲೋ?" ಮೂರಕ್ಕೂ ಉತ್ತರವನ್ನು ನಾನು ಮನೆಯಲ್ಲೇ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಕೊಟ್ಟು, ಇದಕ್ಕೆ ಹೊಂದುವುದನ್ನೇ ಹಾಕಿ ಎಂದೆ. ಆತ ಚೀಟಿ ನೋಡಿ ನನ್ನ ಬಿಳಿ ಕೂದಲು ನೋಡಿದ. "ಬಂದೋರೆಲ್ಲಾ ದೊಡ್ಡದು ಹಾಕ್ರಿ, ಜೋರಂದು ಹಾಕ್ರಿ ಅಂತಾರ್ರಿ. ಹೊಂದೂದು ಹಾಕ್ರಿ ಅಂದೋರು ನೀವೊಬ್ರ ನೋಡ್ರಿ" ಅಂದ. ಆಮೇಲೆ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡು ಅದರ ತಂತಿಯನ್ನು ಮೇಜಿನ ಕಬ್ಬಿಣಕ್ಕೆ ಸಿಕ್ಕಿಸಿದ. "ಈ ಪಟ್ಟಿ ಯಾಕ ಅಂತ ಗೊತ್ತೇನ್ರಿ?" ಗೊತ್ತು ಎಂದೆ. ಅದನ್ನು ಕಲಿತ ಬಗೆಯನ್ನು ಹೇಳಲಿಲ್ಲ.

ಆ ಮೂರು ಪ್ರಶ್ನೆಗಳನ್ನು ನನಗೆ ಹೇಳಿಕೊಟ್ಟವರು ಬಮ್ಮಿಗಟ್ಟಿ ಊರಿನ ಒಬ್ಬ ಫೀಲ್ಡ್‌ಮನ್. ಅವರು ತೀರಿಕೊಂಡು ಬಹಳ ವರ್ಷಗಳಾದವು. ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳು ತಡವಾಗಿ, ಕುಂದಗೋಳದ ಸ್ಟೇಷನ್ನಿನಲ್ಲಿ ಸಿಕ್ಕ ಹಳೆಯ ಪರಿಚಯದವರೊಬ್ಬರಿಂದ. ಅಷ್ಟರಲ್ಲಿ ನನ್ನ ಗಾಡಿ ಬಂತು, ಹತ್ತಿದೆ. ಅಳು ಬರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬರುವುದು ಅವರಿಗೆ ಸೇರುತ್ತಿರಲಿಲ್ಲ. ಒಂದೇ ಒಂದು ಸಲ ತಾವಾಗಿಯೇ ಬರೆದು ಕೊಟ್ಟಿದ್ದರು, ಅದರ ಕಥೆ ಮುಂದೆ ಬರುತ್ತದೆ. ನಮಗೆಲ್ಲ ಅವರು ಬರೀ ಕಾಕಾ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಸಂಶಿಯ ಹಾದಿಯಲ್ಲಿ ಹತ್ತಿ ಬೀಜದ ಒಂದು ಸಣ್ಣ ಫಾರಂ ಇತ್ತು. ಹನ್ನೊಂದು ತಳಿಯ ಹತ್ತಿಯನ್ನು ಹನ್ನೊಂದು ಸಾಲಿನಲ್ಲಿ ವರ್ಷ ವರ್ಷವೂ ಬಿತ್ತಿ, ಯಾವುದು ಎಷ್ಟು ಕಾಯಿ ಕಟ್ಟಿತು, ಎಷ್ಟು ಮಳೆಗೆ ಕಟ್ಟಿತು ಎಂದು ಬರೆದಿಡುವುದು ಅಲ್ಲಿಯ ಕೆಲಸ. ನಾನು ಮದುವೆಯಾಗಿ ಕುಂದಗೋಳಕ್ಕೆ ಬಂದ ಹೊಸತರಲ್ಲಿ ಅಲ್ಲಿ ಕ್ಲಾರ್ಕ್ ಆಗಿ ಸೇರಿಕೊಂಡೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಎರಡು ವರ್ಷದ ಪ್ರೊಬೇಷನ್. ಕಾಕಾ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ನಮ್ಮ ಮೇಲೆ ಒಬ್ಬ ಸಾಹೇಬರು. ಒಳ್ಳೆಯವರೇ, ಆದರೆ ಮೇಲಿನ ಆಫೀಸಿನ ಕಾಗದ ಬಂದರೆ ಅವರ ಮುಖದ ಬಣ್ಣ ಬದಲಾಗುತ್ತಿತ್ತು.

ಕಾಕಾ ಧೋತರ ಉಟ್ಟು, ಬಿಳಿ ನೆಹರು ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು ಏಳಕ್ಕೆಲ್ಲ ಹೊಲದಲ್ಲಿರುತ್ತಿದ್ದರು. ಹುಬ್ಬಿನಲ್ಲಿ ಯಾವಾಗಲೂ ಎರಡು ಎಳೆ ಅರಳೆ ಅಂಟಿಕೊಂಡಿರುತ್ತಿತ್ತು. ಅವರೊಂದಿಗೆ ಇರುವುದು ಸುಲಭವಲ್ಲ. ತಮ್ಮ ಪೆನ್ಸಿಲ್ಲನ್ನು ಯಾರಿಗೂ ಕೊಡುತ್ತಿರಲಿಲ್ಲ. ಯಾರನ್ನೂ ಹೊಗಳುತ್ತಿರಲಿಲ್ಲ. ನಾನು ಒಂದು ಪುಟ ತಪ್ಪಿಲ್ಲದೆ ನಕಲು ಮಾಡಿ ಕೊಟ್ಟರೆ, "ಅಂಕಿ ಇಷ್ಟು ದೊಡ್ಡದು ಯಾಕ ಬರದೀರಿ? ಕಾಗದ ಬಿಟ್ಟಿ ಬಂದೈತೇನು?" ಎಂದು ತೆಗೆದಿಟ್ಟುಕೊಳ್ಳುತ್ತಿದ್ದರು. ಮಧ್ಯಾಹ್ನ ಒಂದು ಹೊಡೆದರೆ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ತಿನ್ನುವರು.

ಆದರೆ ನೆನಪು ಮಾತ್ರ ಭಯಂಕರ. ಮಗಳು ಯಾವಾಗ ಹುಟ್ಟಿದಳು ಎಂದು ಯಾರೋ ಕೇಳಿದ್ದಕ್ಕೆ, "ಆ ವರ್ಷ ಸ್ವಾತಿ ಮಳಿ ಎರಡ ದಿವಸ ತಡಾ ಮಾಡಿ ಬಂತಲ್ಲ, ಅದರ ಮರುದಿನ" ಎಂದಿದ್ದರು. ನಾವು ನಗಾಡಿಕೊಂಡು ಹಳೆಯ ಮಳೆ ರಜಿಸ್ಟರು ತೆಗೆದು ನೋಡಿದೆವು. ಎರಡೇ ದಿನ ತಡ. ಆಮೇಲೆ ಅದು ನಮಗೊಂದು ಆಟವಾಯಿತು. ಸಾಹೇಬರು ರಜಿಸ್ಟರನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, "ಕಾಕಾ, ಹತ್ತು ವರ್ಷದ ಹಿಂದ ಹಸ್ತಾ ಮಳಿ ಹೆಂಗಿತ್ತರಿ?" ಎಂದು ಏನೂ ಅರಿಯದವರಂತೆ ಕೇಳುವರು. ಕಾಕಾ ಹೇಳುವರು. ಒಂದು ಸಲವೂ ತಪ್ಪಲಿಲ್ಲ. ನಾವು ಪರೀಕ್ಷೆ ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದೇ ಇರುತ್ತಿರಲಿಲ್ಲ. ತಿಳಿದೂ ಸುಮ್ಮನಿರುತ್ತಿದ್ದರು.

ಅವರಿಗೆ ಲೋಕದಲ್ಲಿ ಬೇಕಾದದ್ದು ಒಂದೇ, ಏಳನೇ ಸಾಲು. ಫಾರಂಗೆ ಬಂದ ಮೊದಲ ವರ್ಷವೇ, ಹಿಂಗಾರಿ ಮಳೆ ಕೈಕೊಟ್ಟು ಸುತ್ತಲಿನ ಗಿಡವೆಲ್ಲ ಬಾಡಿ ನಿಂತಾಗ, ಒಂದು ಗಿಡ ಮಾತ್ರ ಕಾಯಿ ಹಿಡಿದು ನಿಂತದ್ದನ್ನು ಅವರು ಕಂಡಿದ್ದರು. ಅದರ ಬೀಜ ಆರಿಸಿ, ಬಿತ್ತಿ, ಮತ್ತೆ ಆರಿಸಿ ಬೆಳೆಸಿದ ತಳಿ ಅದು. ಒಳ್ಳೆಯ ಮಳೆಯಾದ ವರ್ಷ ಏಳನೇ ಸಾಲು ಹನ್ನೊಂದರಲ್ಲಿ ಎಲ್ಲೋ ನಡುವೆ ಬರುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅದೇ ಮೊದಲು ಎಂಬುದು ಕಾಕಾನ ವಾದ. ಸಾಹೇಬರ ಮಾತೂ ಸುಳ್ಳಲ್ಲ: "ವಾದಾ ಬ್ಯಾಡರಿ ಕಾಕಾ, ಪುರಾವೆ ಕೊಡ್ರಿ. ಎಲ್ಲಾ ವರ್ಷದ್ದು, ಎಲ್ಲಾ ಸಾಲಿಂದು, ಕೂಡೇ ಲೆಕ್ಕಾ ಹಾಕಿ ತೋರಸ್ರಿ." ಮುಂದಿನ ಏಪ್ರಿಲ್ ಒಳಗೆ ಹನ್ನೊಂದರಲ್ಲಿ ಆರು ಸಾಲು ಇಟ್ಟುಕೊಂಡು ಐದನ್ನು ಕೈಬಿಡಬೇಕೆಂದು ಮೇಲಿನ ಆಫೀಸಿನಿಂದ ಆದೇಶ ಬಂದಿತ್ತು. ಮೇ ಕೊನೆಗೆ ಕಾಕಾ ನಿವೃತ್ತಿ. ಅಷ್ಟರೊಳಗೆ ಪುರಾವೆ ಆಗಬೇಕಿತ್ತು.

ಫಾರಂಗೆ ಒಂದು ಕಂಪ್ಯೂಟರ್ ಬಂದು ಆಗ ವರ್ಷವಾಗಿತ್ತು. ಜೀಪಿನಲ್ಲಿ ಹಾಸಿಗೆ ಸುತ್ತಿ ತಂದಿದ್ದರು. ಅದಕ್ಕೊಂದು ಕೋಣೆ, ಕೋಣೆಗೊಂದು ಕೀಲಿ. ಸಾಹೇಬರು ಆ ಕೀಲಿಯನ್ನು ನನಗೆ ಕೊಡುತ್ತಾರೆಂದು ನಾನು ಎಣಿಸಿದ್ದೆ. ಕಾಕಾನಿಗೆ ಕೊಟ್ಟರು. ಏಕೆಂದರೆ ಯಂತ್ರ ಕೂಡಿಸಲು ಬಂದ ಎಂಜಿನಿಯರನಿಗೆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾವೆಲ್ಲ ಪರದೆಯ ಹಸಿರು ಅಕ್ಷರ ನೋಡುತ್ತ ನಿಂತಿದ್ದಾಗ ಅವರು, "ಇದಕ ನೆನಪು ಎಷ್ಟು ಐತ್ರಿ?" ಎಂದು ಕೇಳಿದ್ದರು. ಎಂಜಿನಿಯರ್ ಖುಷಿಯಾಗಿ ಡಬ್ಬಿ ಬಿಚ್ಚಿ ತೋರಿಸಿದ್ದ. ಹಸಿರು ಹಲಗೆಯ ಮೇಲೆ ಜರಿಹುಳದಂಥ ಕಾಲಿನ ಒಂಬತ್ತು ಕರಿ ಚಿಪ್ಪುಗಳು, ಪಕ್ಕದಲ್ಲಿ ಒಂಬತ್ತು ಖಾಲಿ ಗೂಡು. ಅಷ್ಟೂ ತುಂಬಿದರೆ ನೆನಪು ಇಮ್ಮಡಿ.

ಆ ಖಾಲಿ ಗೂಡುಗಳು ತುಂಬದೆ ಕಾಕಾನ ಕೆಲಸ ಆಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಅಂಕಿಗಳನ್ನು ನಾನು ಒಂದೊಂದಾಗಿ ಹಾಕಿದೆ, ಅವರು ಪಕ್ಕದಲ್ಲಿ ಕೂತು ಓದಿ ಹೇಳಿದರು. ಲೆಕ್ಕ ಮಾಡು ಎಂದರೆ ಯಂತ್ರ ಹನ್ನೊಂದನೆಯ ವರ್ಷಕ್ಕೆ ಬಂದು, ಇನ್ನು ನೆನಪಿನಲ್ಲಿ ಜಾಗವಿಲ್ಲ ಎಂದು ನಿಂತುಬಿಡುತ್ತಿತ್ತು. "ಅರ್ಧಾ ಅರ್ಧಾ ಮಾಡೂಣೇನ್ರಿ?" ಎಂದೆ. ಯಂತ್ರ ಒಪ್ಪುವ ಲೆಕ್ಕವಲ್ಲ, ಅದಕ್ಕೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಇರಬೇಕು. "ನಮ್ಮ ಸಾಹೇಬ್ರಂಗ" ಅಂದರು ಕಾಕಾ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ ಇರಬೇಕು.

ಚಿಪ್ಪುಗಳನ್ನು ಆರಿಸಿದ್ದು ಅವರೇ. ಹತ್ತಿಕಾಯಿಯ ಹುಳದ ತತ್ತಿ ನೋಡುವ ಭೂತಗನ್ನಡಿ ಹಿಡಿದು, ಡಬ್ಬಿಯೊಳಗೆ ಬಗ್ಗಿ, ಒಂದೊಂದು ಚಿಪ್ಪಿನ ಬೆನ್ನಿನ ಮೇಲೆ ಬರೆದ ಅಂಕಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಅವರ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಅಂಕಿಗೆ ಭಾಷೆ ಬೇಕಿಲ್ಲವಲ್ಲ. ಅಂಕಿಯ ಕೊನೆಗೆ ಒಂದು ಸಣ್ಣ ಗೀಟು, ಅದರ ಮುಂದೆ ಹದಿನೈದು. ಅದೇನೆಂದು ಎಂಜಿನಿಯರನಿಗೆ ಪತ್ರ ಬರೆದು ಕೇಳಿದರು. ಅದು ಚಿಪ್ಪಿನ ವೇಗ, ಅಂಕಿ ಹೆಚ್ಚಾದಷ್ಟೂ ನಿಧಾನ ಎಂದು ಉತ್ತರ ಬಂತು. ಸಾಹೇಬರ ಬೀಗರೊಬ್ಬರು ಮುಂಬಯಿಯಲ್ಲಿದ್ದರು, ಅವರ ಮೂಲಕ ತರಿಸುವುದೆಂದಾಯಿತು. ಮೊದಲು ಬಂದ ಪೊಟ್ಟಣದಲ್ಲಿ ಎಂಟೇ ಇದ್ದವು, ಬೆನ್ನಿನ ಮೇಲೆ ಇಪ್ಪತ್ತು ಎಂದಿತ್ತು. ಕಾಕಾ ಪೊಟ್ಟಣ ಪೂರ್ತಿ ಬಿಚ್ಚದೆಯೇ ತಿರುಗಿ ಕಟ್ಟಿದರು.

"ಎಂಟ ಇದ್ರ ಸಾಲದೇನ್ರಿ ಕಾಕಾ? ಬಂದಷ್ಟು ಬರಲಿ" ಎಂದರು ಸಾಹೇಬರು.

"ರಾಶಿ ಅಳಿಯೂಮುಂದ ಒಬ್ಬಾಂವ ಅಳೀತಾನ್ರಿ, ಒಬ್ಬಾಂವ ಬಾಜೂಕ ಕುಂತು ಅಳತಿಗೊಂದು ಹಳ್ಳು, ಸಣ್ಣ ಕಲ್ಲು, ಇಡತಾನ. ಹಳ್ಳು ಇಡಾಂವ ಇಲ್ಲಂದ್ರ ಎಷ್ಟು ಅಳದ್ರಿ ಅಂತ ಯಾರು ಹೇಳಾವ್ರು? ಎಂಟು ಚಿಪ್ ನೆನಪ ಇಡತಾವು. ಒಂಬತ್ತನೇದು ಆ ಎಂಟೂ ಖರೇ ಹೇಳತಾವೋ ಇಲ್ಲೋ ನೋಡತೈತಿ. ಅದ ಇಲ್ಲದ ಪೆಟ್ಟಿಗಿ ಏಳೂದ ಇಲ್ಲರಿ."

"ಹಂಗಾದ್ರ ಒಂಬತ್ತು ತರಸೂಣು. ತರಸೂದು ತರಸ್ತೀವಿ, ಅಗದಿ ಜೋರಂದ ತರಸೂಣು."

"ಜೋರಂದು ಬ್ಯಾಡ್ರಿ, ಹಗೂರಂದೂ ಬ್ಯಾಡ. ಒಳಗಿದ್ದದ್ದಕ್ಕ ಹೊಂದೂದು ಬೇಕು" ಅಂದರು ಕಾಕಾ. ಬೀಜ ಆರಿಸುವಾಗಲೂ ಅವರದು ಇದೇ ಮಾತು. ದಪ್ಪ ಬೀಜ ಕಂಡರೆ ಎತ್ತಿ ಪಕ್ಕಕ್ಕಿಡುವರು. ಒಂದೇ ತೂಕದ್ದು, ಒಂದೇ ದಿನ ಮೊಳೆಯುವಂಥದ್ದು ಬೇಕು ಅವರಿಗೆ. ಎಷ್ಟು, ಯಾವ ವೇಗ, ಎಲ್ಲಿ ಜಾಗ: ಇದನ್ನು ಬರೆದುಕೊಳ್ಳದೆ ಅಂಗಡಿಗೆ ಕಾಗದ ಹಾಕಬೇಡಿ ಎಂದು ನನಗೂ ಹೇಳಿದರು. ಪೊಟ್ಟಣ ವಾಪಸು ಹೋಗಿ ಹೊಸದು ಬರಲು ಎರಡೂವರೆ ತಿಂಗಳಾಯಿತು. ಈ ಸಲ ಒಂಬತ್ತು, ಹದಿನೈದರವೇ. ಕಾಕಾ ಭೂತಗನ್ನಡಿಯಲ್ಲಿ ಒಂಬತ್ತನ್ನೂ ಓದಿ "ಹೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಸಂಕ್ರಾಂತಿಯ ಮರುದಿನ. ಶುಭ ಕೆಲಸ, ಪೂಜೆ ಮಾಡಿಯೇ ಕೂಡಿಸಬೇಕೆಂದು ಸಾಹೇಬರು ಹೇಳಿದರು. "ಹೊಸದಾಗಿ ಮದುವಿ ಆದವರು ನೀವ ಇದ್ದೀರಿ, ನಿಮ್ಮ ಕೈಲೆ ಆಗಲಿ" ಎಂದು ನನಗೆ ವಹಿಸಿದರು. ನಾನು ಮದುವೆಯ ರೇಷ್ಮೆ ಸೀರೆ ಉಟ್ಟು, ಅತ್ತೆಯವರಿಂದ ಒಂದು ಹಿತ್ತಾಳೆ ತಟ್ಟೆ, ಒಂದು ಗುಳೇದಗುಡ್ಡದ ರವಿಕೆ ಖಣ ಇಸಿದುಕೊಂಡು ಬಂದೆ. ಹೊರಗೆ ಒಣ ಗಾಳಿ, ತುಟಿ ಒಡೆಯುವ ಚಳಿ. ಕಾಕಾ ಪೂಜೆಗೆ ಹೂವು ತರುತ್ತೇನೆಂದು ಹೊಲಕ್ಕೆ ಹೋದರು.

ನಾನು ರಟ್ಟಿನ ಪೆಟ್ಟಿಗೆ ತೆರೆದೆ. ಒಂಬತ್ತು ಚಿಪ್ಪುಗಳನ್ನು ಒಂದು ಕರಿ ಸ್ಪಂಜಿಗೆ ಚುಚ್ಚಿ ನಿಲ್ಲಿಸಿದ್ದರು. ಪೂಜೆಯ ತಟ್ಟೆಯಲ್ಲಿ ಕರಿದು ಇಡಬಾರದೆಂಬುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆ ಬರುವ ತಿಳುವಳಿಕೆ. ಚಿಪ್ಪೂ ಕರಿಯೇ, ಆದರೆ ಅದಕ್ಕೆ ಉಪಾಯವಿಲ್ಲ; ಸ್ಪಂಜಿಗೆ ಇತ್ತಲ್ಲ. ಒಂದೊಂದನ್ನೇ ಕಿತ್ತೆ. ಚಿಪ್ಪಿನ ಕಾಲಿಗೆ ಅಂಟಿದ ಕರಿ ಪುಡಿಯನ್ನು ಸೆರಗಿನಿಂದ ಚೆನ್ನಾಗಿ ತಿಕ್ಕಿ ಒರೆಸಿದೆ. ಖಣ ಹಾಸಿ ಅದರ ಮೇಲೆ ಸಾಲಾಗಿ ಮಲಗಿಸಿದೆ. ಸ್ಪಂಜನ್ನೂ ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿಯನ್ನೂ ಕಸದ ಬುಟ್ಟಿಗೆ ಹಾಕಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಟ್ಟೆ ನೋಡಿ ನನಗೇ ಹೆಮ್ಮೆಯೆನಿಸಿತು.

ಕಾಕಾ ಏಳನೇ ಸಾಲಿನ ಹಳದಿ ಹೂವು ತಂದರು. ಸಾಹೇಬರು ಬಂದರು. ಆರತಿಯಾಯಿತು. ಕಾಕಾನ ಬೆರಳು ದಪ್ಪ, ಗೂಡಿನ ನಡುವೆ ಇಳಿಯುತ್ತಿರಲಿಲ್ಲ. ಅವರು ಭೂತಗನ್ನಡಿ ಹಿಡಿದರು, ನಾನು ಕೂಡಿಸಿದೆ. "ಆ ಅರ್ಧಚಂದ್ರದ ಗುರುತು ಎಲ್ಲಾ ಒಂದ ಕಡೆ ಬರಬೇಕ್ರಿ. ಒತ್ತಬ್ಯಾಡ್ರಿ, ಕಾಲು ಮುರದೀತು" ಎಂದು ಹೇಳುತ್ತಲೇ ಇದ್ದರು. ಒಂಬತ್ತೂ ಕೂತವು.

ಕಾಕಾ ಗುಂಡಿ ಒತ್ತಿದರು. ಯಂತ್ರ ತನ್ನ ನೆನಪನ್ನು ಎಣಿಸಿಕೊಳ್ಳತೊಡಗಿತು. ಹಳೆಯ ಅಂಕಿಯವರೆಗೆ ಬಂದು, ಅದನ್ನು ದಾಟುತ್ತಲೇ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ನಿಂತಿತು. "ಮತ್ತೊಮ್ಮಿ" ಅಂದರು ಕಾಕಾ. ತೆಗೆದು ಕೂಡಿಸಿದೆವು. ಮತ್ತೂ ಅದೇ ಸಾಲು. ಐದಾರು ಸಲ ಮಾಡಿದೆವು. ಕಡೆಗೆ ಒಂಬತ್ತನ್ನೂ ಹೊರಗೆ ತೆಗೆದಾಗ ಯಂತ್ರ ಮೊದಲಿನಂತೆ ಎದ್ದಿತು. ಹೊಸ ಚಿಪ್ಪು ಸತ್ತಿದ್ದವು. ಸಂಕ್ರಾಂತಿಯ ಕುಸುರೆಳ್ಳು ಹಂಚುವುದನ್ನು ಯಾರೂ ಮರೆಯಲಿಲ್ಲ. ಕಾಕಾ ತಮ್ಮ ಪಾಲಿನದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಏಳನೇ ಸಾಲಿನ ಕಡೆ ಹೋದರು.

ಮೇಲಿನ ಆಫೀಸಿನಿಂದ ಮೆಮೊ ಬಂತು. ಯಾರು ಬಿಚ್ಚಿದರು, ಯಾರು ಮುಟ್ಟಿದರು, ಯಾರ ಅಜಾಗರೂಕತೆ, ಎಂಟು ದಿನದಲ್ಲಿ ಬರೆದು ತಿಳಿಸಬೇಕು. ಸಾಹೇಬರು ನನ್ನನ್ನು ಕರೆದು, "ನಿಮ್ಮ ಪ್ರೊಬೇಷನ್ ಇನ್ನೂ ಮುಗದಿಲ್ಲ. ಇದರಾಗ ಹೆಸರು ಬಂತಂದ್ರ ನೌಕರಿ ಹೋದಂಗ" ಅಂದರು. ಸರಕೇ ಕೆಟ್ಟದ್ದು ಬಂದಿದ್ದರೆ ನನ್ನದೇನು ತಪ್ಪು ಎಂದು ಒಳಗೊಳಗೇ ಅಂದುಕೊಂಡೆ. ಎಂಟನೇ ದಿನ ಕಾಕಾ ಒಂದು ಹಾಳೆ ತಂದು ಸಾಹೇಬರ ಮೇಜಿನ ಮೇಲಿಟ್ಟರು. ಕನ್ನಡದಲ್ಲಿ ಮೂರು ಸಾಲು. ಆರಿಸಿದ್ದು ತಾನು, ಪೆಟ್ಟಿಗೆಯಿಂದ ತೆಗೆದದ್ದು ತಾನು, ಕೂಡಿಸಿದ್ದು ತಾನು, ಬೇರೆ ಯಾರ ಕೈಯೂ ತಾಗಿಲ್ಲ. ಕೆಳಗೆ ಪೂರ್ತಿ ಹೆಸರು, ದುಂಡಗೆ.

ಸಾಹೇಬರು ಓದಿ ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು. ಸುಳ್ಳು ಏಕೆ ಹೇಳಲಿ, ಸಮಾಧಾನವೇ ಹೆಚ್ಚಾಯಿತು. ಹದಿನೈದು ದಿನದಲ್ಲಿ ಆದೇಶ ಬಂತು. ಕಂಪ್ಯೂಟರ್ ಕೋಣೆಯ ಜವಾಬ್ದಾರಿಯಿಂದ ಅವರನ್ನು ತೆಗೆದಿದ್ದರು. ಕೀಲಿ ನನಗೆ ಬಂತು. ವರ್ಷದ ಹಿಂದೆ ಬೇಕೆಂದು ಆಸೆಪಟ್ಟಿದ್ದ ಕೀಲಿ. ಕಾಕಾ ಅದನ್ನು ಧೋತರದ ಚುಂಗಿನಿಂದ ಒರೆಸಿ ಮೇಜಿನ ಮೇಲಿಟ್ಟರು, ಕೈಗೆ ಕೊಡಲಿಲ್ಲ.

ಅಲ್ಲಿಂದ ಅವರು ಕೋಣೆಯೊಳಗೆ ಕಾಲಿಡಲಿಲ್ಲ. ಆದರೆ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಹೊಸ್ತಿಲಾಚೆ ಬಂದು ನಿಲ್ಲುವರು. "ಮೊದಲ ಕಿಟಕಿ ಸರಳು ಮುಟ್ರಿ, ಆಮ್ಯಾಲೆ ಪೆಟ್ಟಿಗಿ ಮುಟ್ರಿ." ದಿನಾ ಇದೇ. ಮನಸ್ಸಿಗೆ ಪೆಟ್ಟು ಬಿದ್ದು ಮುದುಕರಿಗೆ ಏನೋ ಮಡಿಯ ಹುಚ್ಚು ಹಿಡಿದಿದೆ ಎಂದುಕೊಂಡು ನಾನು ಸರಳು ಮುಟ್ಟುತ್ತಿದ್ದೆ. ಒಮ್ಮೆ ಹಬ್ಬಕ್ಕೆ ರೇಷ್ಮೆ ಉಟ್ಟು ಬಂದಾಗ, "ಬಾಯಾರ, ಹತ್ತಿ ಫಾರಂನ್ಯಾಗ ನೌಕರಿ ಮಾಡತೀರಿ, ಮನ್ಯಾಗ ಹತ್ತಿ ಸೀರಿ ಇಲ್ಲೇನ್ರಿ?" ಎಂದು ಎಲ್ಲರ ಮುಂದೆ ಕೇಳಿದರು. ನನಗೆ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನವೂ ಅವರು ಹೊಸ್ತಿಲಾಚೆ ನಿಂತು, "ಸರಳು ಮುಟ್ಟೀರೇನು?" ಅಂದರು.

ಹೊಸ ಚಿಪ್ಪು ಮಂಜೂರಾಗಲಿಲ್ಲ. ಏಪ್ರಿಲ್ ಬಂತು. ಸಾಹೇಬರು ಐದು ಸಾಲುಗಳ ಪಟ್ಟಿ ಮಾಡಿದರು. ಏಳನೆಯದೂ ಅದರಲ್ಲಿತ್ತು. "ನಾ ಏನ ಮಾಡ್ಲಿ ಕಾಕಾ, ಕಾಗದದ ಮ್ಯಾಲ ತೋರಿಸಾಕ ಏನೂ ಇಲ್ಲ" ಅಂದರು. ನಿಜಕ್ಕೂ ಅವರಿಗೆ ಬೇಸರವಿತ್ತು. ಕಾಕಾ "ಹೌದ್ರಿ" ಅಂದರು. ಕೈಬಿಟ್ಟ ಸಾಲಿನ ಬೀಜವನ್ನು ಚೀಲಕ್ಕೆ ತುಂಬಿ ಗಾಣಕ್ಕೆ ಕಳಿಸುವುದು ಫಾರಮ್ಮಿನ ರೂಢಿ. ಏಳನೇ ಸಾಲಿನ ಚೀಲದ ಬಾಯಿಯನ್ನು ಅವರೇ ಹೊಲಿದರು. ಹೊಲದಲ್ಲಿ ನಿಲ್ಲಿಸಿದ್ದ ಅದರ ನಂಬರಿನ ಹಲಗೆಯನ್ನೂ ತಾವೇ ಕಿತ್ತು, ಮಣ್ಣು ತೊಳೆದು, ಸ್ಟೋರ್ ರೂಮಿನಲ್ಲಿ ಒರಗಿಸಿದರು. ಮೇ ಕೊನೆಗೆ ಒಂದು ಶಾಲು, ಒಂದು ತೆಂಗಿನಕಾಯಿ. ಮಾತಾಡಿ ಎಂದರೆ, "ರಜಿಸ್ಟರು ಕಪಾಟಿನ್ಯಾಗ ಅದಾವು. ಇಲಿ ಅದಾವು, ನೋಡಿಕೋರಿ" ಎಂದು ಕೂತರು.

ಆ ವರ್ಷದ ಮಳೆಗಾಲದ ಕೊನೆಗೆ, ಇನ್ನು ಯಾರಿಗೂ ಬೇಕಿಲ್ಲದ ಹೊತ್ತಿಗೆ, ಮೇಲಿನ ಆಫೀಸಿನಿಂದಲೇ ಒಂಬತ್ತು ಚಿಪ್ಪು ಬಂದವು. ಅದೇ ರಟ್ಟಿನ ಪೆಟ್ಟಿಗೆ, ಅದೇ ಕರಿ ಸ್ಪಂಜು, ಅದೇ ಇಂಗ್ಲಿಷ್ ಚೀಟಿ. ಈ ಸಲ ಓದಿದೆ. ಗೂಡಿಗೆ ಇಡುವ ಗಳಿಗೆಯವರೆಗೆ ಚಿಪ್ಪನ್ನು ಕರಿ ಸ್ಪಂಜಿನಿಂದ ಕೀಳಬಾರದು. ರೇಷ್ಮೆ, ನೈಲಾನು, ಉಣ್ಣೆಯ ಬಟ್ಟೆ ತಾಗಿಸಬಾರದು. ಒಣ ಹವೆಯಲ್ಲಿ ಅವುಗಳನ್ನು ತಿಕ್ಕಿದರೆ ಹುಟ್ಟುವ ಕಣ್ಣಿಗೆ ಕಾಣದ ಕಿಡಿಯೇ ಅದನ್ನು ಸುಡಬಲ್ಲದು. ಮುಟ್ಟುವ ಮುಂಚೆ ನೆಲಕ್ಕೆ ತಾಗಿದ ಯಾವುದಾದರೂ ಕಬ್ಬಿಣವನ್ನು ಮುಟ್ಟಬೇಕು. ನಾನು ಚೀಟಿ ಹಿಡಿದುಕೊಂಡು ಕಿಟಕಿಯ ಸರಳನ್ನು ನೋಡುತ್ತ ಕೂತೆ.

ಹೋದ ವರ್ಷದ ಅಂಕಿಗಳನ್ನು ಹಾಕುವುದಿತ್ತು. ಕಪಾಟಿನಿಂದ ಕಾಕಾನ ಕೊನೆಯ ರಜಿಸ್ಟರು ತೆಗೆದೆ. ಜನವರಿಯ ಪುಟದಲ್ಲಿ ಮಡಿಸಿದ ಒಂದು ಕಾಗದ ಸಿಕ್ಕಿತು. ನಾನು ಕಸದ ಬುಟ್ಟಿಗೆ ಹಾಕಿದ್ದ ಮೊದಲ ಚೀಟಿ ಅದು. ಜೊತೆಗೆ ಒತ್ತಿ ಚಪ್ಪಟೆಯಾದ ಕರಿ ಸ್ಪಂಜು. ಚೀಟಿಯ ಒಂದೊಂದು ಇಂಗ್ಲಿಷ್ ಶಬ್ದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡ ಅರ್ಥ. ರೇಷ್ಮೆ ಎಂಬಲ್ಲಿ ಕೆಳಗೆ ಗೀಟು. ಮೂಲೆಯಲ್ಲಿ ತಾರೀಖು ಹಾಕಿದ್ದರು. ಅವರಿಗೆ ಎಲ್ಲಕ್ಕೂ ತಾರೀಖು ಬೇಕು. ಅದು ಮೆಮೊಗೆ ಉತ್ತರ ಬರೆದುಕೊಟ್ಟ ಹಿಂದಿನ ದಿನ. ಗೊತ್ತಿದ್ದೇ ಬರೆದಿದ್ದರು.

ಸರಳು ಮುಟ್ಟಿ, ಹತ್ತಿ ಸೀರೆಯಲ್ಲಿ, ಒಂಬತ್ತು ಚಿಪ್ಪನ್ನೂ ಕೂಡಿಸಿದೆ. ಯಂತ್ರ ಎಣಿಸಿತು, ಹಳೆಯ ಅಂಕಿಯನ್ನು ದಾಟಿತು, ಅದರ ಎರಡರಷ್ಟಕ್ಕೆ ಹೋಗಿ ನಿಂತಿತು. ಲೆಕ್ಕಕ್ಕೆ ಹಚ್ಚಿದೆ. ಪ್ರಿಂಟರು ಕಿರ್ರೆಂದು ಬರೆಯಿತು. ಹಿಂಗಾರಿ ಕೈಕೊಟ್ಟ ವರ್ಷಗಳಲ್ಲೆಲ್ಲ ಏಳನೇ ಸಾಲೇ ಮೊದಲು. ಎರಡನೆಯದು ಹತ್ತಿರಕ್ಕೂ ಇರಲಿಲ್ಲ.

ಆ ಭಾನುವಾರ ಹುಬ್ಬಳ್ಳಿಗೆ ಹೋಗಿ, ಕಲಘಟಗಿ ಬಸ್ಸು ಹಿಡಿದು ಬಮ್ಮಿಗಟ್ಟಿಗೆ ಹೋದೆ. ಅಲ್ಲಿ ಹತ್ತಿಯಿಲ್ಲ, ಸುತ್ತಲೂ ಬತ್ತ. ಕಾಕಾ ಪಡಸಾಲೆಯಲ್ಲಿ ಮೊರ ಹಿಡಿದು ಬತ್ತದ ಬೀಜ ಆರಿಸುತ್ತ ಕೂತಿದ್ದರು. ಹುಬ್ಬಿನಲ್ಲಿ ಅರಳೆ ಇರಲಿಲ್ಲ, ಅದಿಲ್ಲದೆ ಮುಖ ಬರಿದಾಗಿ ಕಂಡಿತು. ಅವರ ಮನೆಯವರ ಕಡೆ ತಿರುಗಿ, "ಚಹಾ ಇಡ. ಆಫೀಸಿನ ಬಾಯಾರು ಬಂದಾರ" ಎಂದರು.

"ಏಳನೇ ಸಾಲು ಮೊದಲ ಬಂದದರಿ ಕಾಕಾ" ಎಂದು ಹಾಳೆ ಕೊಟ್ಟೆ.

ಅವರು ಅದನ್ನು ದೂರ ಹಿಡಿದು, ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಇಳಿದರು. "ಸ್ವಾತಿ ಬರದಿದ್ದ ವರ್ಷದಾಗ?"

"ಅಂಥಾ ಎಲ್ಲಾ ವರ್ಷದಾಗನೂ."

"ಹೂಂ" ಅಂದರು. ಹಾಳೆಯನ್ನು ಅದರ ಮಡಿಕೆಯಲ್ಲೇ ಮಡಿಸಿ ನನಗೆ ತಿರುಗಿ ಕೊಟ್ಟರು. ಫಾರಮ್ಮಿನ ಕಾಗದ ಫಾರಂಗೆ.

"ಆ ಬೀಜ ನಿಮ್ಮ ಹತ್ರ ಒಂದು ಮುಷ್ಟಿಯಾದ್ರೂ ಅವ ಏನ್ರಿ? ಇದ್ರ ಈಗ ಸಾಹೇಬ್ರು ಮತ್ತ ಬಿತ್ತಸ್ತಾರ."

"ಫಾರಂ ಬೀಜ ನನ್ನ ಮನ್ಯಾಗ ಹೆಂಗ ಇರತಾವ?" ಅವರಿಗೆ ಸಿಟ್ಟೇ ಬಂದಿತ್ತು. "ಚೀಲ ಹೊಲದು ಕಳಿಸಿದ್ದು ನೋಡೀರಲ್ಲ. ಗಾಣಕ್ಕ ಹೋದದ್ದು ಹೋತು."

ನಾನು ಚೀಟಿಯನ್ನೂ ಚಪ್ಪಟೆ ಸ್ಪಂಜನ್ನೂ ಅವರ ಮುಂದಿಟ್ಟೆ. ಹೇಳಬೇಕೆಂದು ಬಸ್ಸಿನ ಉದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಇದನ್ನ ಕಿತ್ತು ಒಗದಾಕಿ ನಾನರಿ. ರೇಷ್ಮಿ ಸೆರಗಿಲೆ ಒರಸಿದಾಕಿನೂ ನಾನ. ನಿಮ್ಮ ಸಾಲು ಹೋದದ್ದು ನನ್ನಿಂದ. ನಿಮಗ ಗೊತ್ತಿತ್ತು."

ಅವರು ಮೊರದಿಂದ ಒಂದು ಜೊಳ್ಳು ಆರಿಸಿ ಒಗೆದರು. ಇನ್ನೊಂದು ಆರಿಸಿದರು. "ಇಲ್ಲ ತಂಗಿ. ನಿನಗ ನೆನಪಿಲ್ಲ. ಪೂಜಾದಾಗ ಕರಿದು ಬ್ಯಾಡ, ತಗದು ಒಗೀರಿ ಅಂತ ಹೇಳಿದಾಂವ ನಾನ."

ಅವರು ನನ್ನನ್ನು ತಂಗಿ ಎಂದದ್ದು, ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನೀವು ಆಗ ಹೂವು ತರಲಿಕ್ಕ ಹೊಲಕ್ಕ ಹೋಗಿದ್ರಿ ಕಾಕಾ."

"ಬಾಗಲದಾಗ ನಿಂತಿದ್ದೆ. ನೀ ಆ ಕಡೆ ಮುಖಾ ಮಾಡಿದ್ದಿ. ನನಗ ಚಲೋ ನೆನಪೈತಿ. ಚಹಾ ಕುಡಿ, ಆರತೈತಿ."

ಇಪ್ಪತ್ತೆರಡು ವರ್ಷದ ಮಳೆಯಲ್ಲಿ ಒಂದು ದಿನವನ್ನೂ ತಪ್ಪದ ಮನುಷ್ಯ. ತಾನೇ ಬೆಳೆಸಿದ ತಳಿಯ ಒಂದು ಮುಷ್ಟಿ ಬೀಜವನ್ನು ಮನೆಗೆ ತರದ ಮನುಷ್ಯ. ಆ ದಿನ ಅವರು ಹೊಲದಿಂದ ಬಂದಾಗ ಹಳದಿ ಹೂವನ್ನು ಅವರ ಕೈಯಿಂದ ನಾನೇ ಇಸಿದುಕೊಂಡಿದ್ದೆ, ಹೂವಿನ ಮೇಲೆ ಇನ್ನೂ ಇಬ್ಬನಿ ಇತ್ತು, ಆಗಲೇ ಒಂಬತ್ತೂ ಚಿಪ್ಪು ಖಣದ ಮೇಲೆ ಮಲಗಿದ್ದವು. ಅದು ನನಗೆ ನೆನಪಿದೆ. ಅವರಿಗೂ ನೆನಪಿತ್ತು. ನಾನು ಚಹಾ ಕುಡಿದೆ.